ಫೈಟರ್ ಮೀನಿನ ಚರಿತ್ರೆ ಮತ್ತು ನಾನು ಮಾಡಿದ ಒಂದು ತಪ್ಪು ಪಾಠ

ಮೊನ್ನೆ ನನ್ನ ಮೊಮ್ಮಗನ ಹುಟ್ಟುಹಬ್ಬಕ್ಕೆ ಅವನ ಅಪ್ಪ ಒಂದು ಫೈಟರ್ ಮೀನನ್ನು ತಂದುಕೊಟ್ಟ. ಒಂದು ಸಣ್ಣ ಗಾಜಿನ ಬಟ್ಟಲು, ಅದರೊಳಗೆ ಕಡುನೀಲಿ ಬಣ್ಣದ ಒಂಟಿ ಮೀನು. ಅಂಗಡಿಯವನು ಹೇಳಿಕೊಟ್ಟಿದ್ದನೋ ಏನೋ, ಹುಡುಗ ಬಟ್ಟಲಿನ ಮುಂದೆ ಕನ್ನಡಿ ಹಿಡಿದ. ಅದುವರೆಗೆ ಮಂಕಾಗಿ ನಿಂತಿದ್ದ ಮೀನು ತಟ್ಟನೆ ಕಿವಿರಿನ ಮುಚ್ಚಳಗಳನ್ನು ಅಗಲಿಸಿ, ಈಜುರೆಕ್ಕೆಗಳನ್ನೆಲ್ಲ ಬಿಚ್ಚಿ, ತನ್ನದೇ ಪ್ರತಿಬಿಂಬದ ಮೇಲೆ ಏರಿಹೋಯಿತು. ಹುಡುಗನಿಗೆ ಆನಂದವೋ ಆನಂದ. "ತಾತ, ಇನ್ನೊಂದು ತಂದು ಇದರ ಜೊತೆ ಬಿಟ್ಟರೆ ಯಾವುದು ಗೆಲ್ಲುತ್ತೆ?" ಎಂದು ಕೇಳಿದ.

ಆ ಪ್ರಶ್ನೆ ಕೇಳಿ ನಾನು ಸುಮ್ಮನಾದೆ. ಏಕೆಂದರೆ ಇದೇ ಪ್ರಶ್ನೆಯನ್ನು 1987ರಲ್ಲಿ ನಾನೇ ಒಂದು ತರಗತಿಯ ಮುಂದೆ ನಿಂತು ಕೇಳಿದ್ದೆ. ಆ ಪ್ರಸಂಗವನ್ನೂ, ಈ ಪುಟ್ಟ ಮೀನಿನ ದೀರ್ಘ ಚರಿತ್ರೆಯನ್ನೂ ಬರೆದಿಡಬೇಕೆಂದು ಬಹುಕಾಲದಿಂದ ಅಂದುಕೊಂಡಿದ್ದೆ. ಈಗ ಕಾಲ ಕೂಡಿಬಂದಿದೆ.

ಆಗ ನಾನು ಬಿ.ಎಡ್. ಮುಗಿಸಿ ತುಮಕೂರು ಜಿಲ್ಲೆಯ ಒಂದು ಗ್ರಾಮಾಂತರ ಪ್ರೌಢಶಾಲೆಗೆ ವಿಜ್ಞಾನದ ಅಧ್ಯಾಪಕನಾಗಿ ಸೇರಿ ಮೂರು ವರ್ಷವಾಗಿತ್ತು. ಹೊಸ ಉತ್ಸಾಹ. ಯಾವ ಪಾಠವನ್ನೂ ಪ್ರಯೋಗವಿಲ್ಲದೆ ಮಾಡಬಾರದೆಂಬ ಹಟ. ಹತ್ತನೆಯ ತರಗತಿಗೆ ಡಾರ್ವಿನ್ನನ ವಿಕಾಸವಾದ ಪಾಠ ಮಾಡಬೇಕಾಗಿತ್ತು. ಬೆಂಗಳೂರಿಗೆ ಹೋದಾಗ ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಬಳಿಯ ಅಂಗಡಿಯೊಂದರಲ್ಲಿ ಎರಡು ಗಂಡು ಫೈಟರ್ ಮೀನುಗಳನ್ನು ಕೊಂಡು, ಎರಡು ಹಾರ್ಲಿಕ್ಸ್ ಬಾಟಲಿಗಳಲ್ಲಿ ಹಾಕಿಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಊರಿಗೆ ತಂದೆ. ಮರುದಿನ ಹಲಗೆಯ ಮೇಲೆ ದಪ್ಪ ಅಕ್ಷರಗಳಲ್ಲಿ "ಅಸ್ತಿತ್ವಕ್ಕಾಗಿ ಹೋರಾಟ" ಎಂದು ಬರೆದು, ಪ್ರಯೋಗಶಾಲೆಯ ಒಂದು ಗಾಜಿನ ಜಾಡಿಯಲ್ಲಿ ಎರಡನ್ನೂ ಒಟ್ಟಿಗೆ ಬಿಟ್ಟು, "ಯಾವುದು ಗೆಲ್ಲುತ್ತದೆ ನೋಡಿ" ಎಂದೆ.

ಮುಂದಿನದು ನಾನೆಣಿಸಿದಂತೆ ನಡೆಯಲಿಲ್ಲ. ಐದೇ ನಿಮಿಷದಲ್ಲಿ ತರಗತಿ ಎರಡು ಪಕ್ಷವಾಯಿತು. ಕೆಂಪು ಮೀನಿನ ಕಡೆ ಅರ್ಧ ಜನ, ಹಸಿರಿನ ಕಡೆ ಇನ್ನರ್ಧ. ಹಿಂದಿನ ಬೆಂಚಿನ ಹುಡುಗರು ಪೆನ್ಸಿಲ್ಲು, ಪೆಪ್ಪರಮಿಂಟು ಪಣಕ್ಕಿಟ್ಟರೆಂದು ಆಮೇಲೆ ತಿಳಿಯಿತು. ಗದ್ದಲ ಕೇಳಿ ಪಕ್ಕದ ಕೊಠಡಿಯ ಮಕ್ಕಳೂ ಕಿಟಕಿಗೆ ಬಂದರು. ಗಂಟೆ ಬಾರಿಸುವ ಹೊತ್ತಿಗೆ ಹಸಿರು ಮೀನಿನ ಬಾಲ ಚಿಂದಿಯಾಗಿತ್ತು. ಅದು ಜಾಡಿಯ ಗೋಡೆಗೆ ಮೂತಿ ಒತ್ತಿಕೊಂಡು ಮೇಲಕ್ಕೂ ಕೆಳಕ್ಕೂ ಓಡುತ್ತಿತ್ತು. ಕೆಂಪು ಮೀನು ಹಿಂದಿನಿಂದ ಕಚ್ಚುತ್ತಲೇ ಇತ್ತು. ನಾನು ಬೇರೆ ಮಾಡಿದೆ, ಆದರೆ ತಡವಾಗಿತ್ತು. ಮರುದಿನ ಬೆಳಿಗ್ಗೆ ಹಸಿರು ಮೀನು ಮಗುಚಿ ತೇಲುತ್ತಿತ್ತು. ಮಕ್ಕಳಿಗೆ "ಬಲಿಷ್ಠರ ಉಳಿವು" ಎಂದು ಹೇಳಿ ಪಾಠ ಮುಗಿಸಿದೆ. ಪರೀಕ್ಷೆಯಲ್ಲಿ ಅನೇಕರು ಆ ಮೀನುಗಳ ಉದಾಹರಣೆಯನ್ನೇ ಬರೆದಿದ್ದರು. ನಾನು ಪೂರ್ಣ ಅಂಕ ಕೊಟ್ಟೆ.

ಆ ಪಾಠ ತಪ್ಪೆಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ, ಈ ಮೀನಿನ ಚರಿತ್ರೆಯನ್ನು ಓದತೊಡಗಿದಾಗ.

ಫೈಟರ್ ಮೀನಿನ ತವರು ಇಂದಿನ ಥಾಯ್ಲೆಂಡ್, ಅಂದರೆ ಹಿಂದಿನ ಸಯಾಂ ದೇಶ. ಅಲ್ಲಿಯ ನದೀಬಯಲಿನ ಭತ್ತದ ಗದ್ದೆಗಳು, ಕಾಲುವೆಗಳು, ಜವುಗು ನೆಲಗಳು ಇದರ ನೆಲೆ. ಥಾಯ್ ಭಾಷೆಯಲ್ಲಿ ಇದನ್ನು 'ಪ್ಲಾ ಕಟ್' ಎನ್ನುತ್ತಾರೆ. 'ಪ್ಲಾ' ಎಂದರೆ ಮೀನು, 'ಕಟ್' ಎಂದರೆ ಕಚ್ಚು. ಒಟ್ಟಿನಲ್ಲಿ ಕಚ್ಚುವ ಮೀನು. ಗದ್ದೆಯ ನಿಂತ ನೀರಿನಲ್ಲಿ ಆಮ್ಲಜನಕ ಕಡಿಮೆ. ಆದುದರಿಂದ ನಿಸರ್ಗ ಇದಕ್ಕೆ ಕಿವಿರಿನ ಮೇಲ್ಭಾಗದಲ್ಲಿ ಮಡಿಕೆ ಮಡಿಕೆಯಾದ 'ಲ್ಯಾಬಿರಿಂತ್' ಎಂಬ ಅಂಗವೊಂದನ್ನು ಕೊಟ್ಟಿದೆ. ಮೀನು ಆಗಾಗ ಮೇಲೆ ಬಂದು ಬಾಯಿಂದ ಗಾಳಿ ಗುಟುಕರಿಸಿ ಆ ಅಂಗದ ಮೂಲಕ ಉಸಿರಾಡುತ್ತದೆ. ಇದರಿಂದಲೇ ಪುಟ್ಟ ಸೀಸೆಯಲ್ಲಿಯೂ ಅದು ದಿನಗಟ್ಟಲೆ ಸಾಯದೆ ಉಳಿಯಬಲ್ಲದು. ಇದೇ ಅದರ ದುರದೃಷ್ಟವೂ ಆಯಿತು. ಸೀಸೆಯಲ್ಲಿ ಸಾಯದಿರುವುದನ್ನೇ ಜನ ಸೀಸೆಯಲ್ಲಿ ಸುಖವಾಗಿರುವುದೆಂದು ತಿಳಿದರು. ಗದ್ದೆಯ ನೀರು ಗೇಣುದ್ದ ಆಳವಿರಬಹುದು, ಆದರೆ ಎಕರೆಗಟ್ಟಲೆ ಹರಡಿರುತ್ತದೆ ಎಂಬುದನ್ನು ಮರೆತರು.

ಸಯಾಮಿನ ಜನ ಈ ಮೀನನ್ನು ಯಾವಾಗಿನಿಂದ ಸಾಕುತ್ತಿದ್ದರು? ಬಹಳ ಕಾಲ ಇದಕ್ಕೆ ಊಹೆಯೇ ಉತ್ತರವಾಗಿತ್ತು. 2022ರಲ್ಲಿ 'ಸೈನ್ಸ್ ಅಡ್ವಾನ್ಸಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಕಾಡುಮೀನುಗಳ ಹಾಗೂ ಸಾಕುಮೀನುಗಳ ಜೀನುಗಳನ್ನು ಹೋಲಿಸಿ, ಈ ಸಾಕಣೆ ಕನಿಷ್ಠ ಸಾವಿರ ವರ್ಷಗಳ ಹಿಂದೆಯೇ ಆರಂಭವಾಗಿತ್ತು ಎಂದು ಅಂದಾಜು ಮಾಡಿತು. ಅಂದರೆ, ನಮ್ಮ ಶ್ರವಣಬೆಳಗೊಳದ ಗೊಮ್ಮಟನನ್ನು ಕಡೆದ ಕಾಲಕ್ಕೆ ಸರಿಸುಮಾರು ಸಮೀಪ. ಸಯಾಮಿನ ಸುಖೋತಾಯ್ ರಾಜ್ಯ ಹುಟ್ಟುವುದಕ್ಕೂ ಮೊದಲೇ ಅಲ್ಲಿಯ ಯಾರೋ ರೈತರು ಗದ್ದೆಯಿಂದ ಈ ಮೀನನ್ನು ಹಿಡಿದು ಮನೆಗೆ ತಂದಿದ್ದರು. ಮನುಷ್ಯ ಪಳಗಿಸಿದ ಅತಿ ಪ್ರಾಚೀನ ಮೀನುಗಳಲ್ಲಿ ಇದೂ ಒಂದು.

ಇದರ ಬಗೆಗಿನ ಮೊದಲ ವೈಜ್ಞಾನಿಕ ಬರಹ ಅಚ್ಚಾದದ್ದು ನಮ್ಮ ದೇಶದಲ್ಲಿಯೇ ಎಂಬುದು ಗಮನಿಸಬೇಕಾದ ಸಂಗತಿ. ಥಿಯೋಡರ್ ಕ್ಯಾಂಟರ್ ಎಂಬ ಡೆನ್ಮಾರ್ಕಿನ ವೈದ್ಯ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ವೈದ್ಯಕೀಯ ಸೇವೆಯಲ್ಲಿದ್ದ. ಸಯಾಮಿನ ದೊರೆ ಮೂರನೆಯ ರಾಮನ ಬಳಿಯಿದ್ದ ಕಾಳಗದ ಮೀನುಗಳಲ್ಲಿ ಕೆಲವು ಪರಿಚಿತರೊಬ್ಬರ ಮೂಲಕ ಅವನಿಗೆ ದೊರೆತವು. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿ ಆಫ್ ಬೆಂಗಾಲ್ ಪತ್ರಿಕೆಯ 1849ರ ಸಂಪುಟದಲ್ಲಿ ಅವನು ಮಲಯ ಪ್ರದೇಶದ ಮೀನುಗಳ ದೊಡ್ಡ ಪಟ್ಟಿಯೊಂದನ್ನು ಪ್ರಕಟಿಸಿದ. ಅದರಲ್ಲಿ ಈ ಮೀನಿನ ವರ್ಣನೆಯಿದೆ. ಸುಮ್ಮನಿದ್ದಾಗ ಮಂಕು ಬಣ್ಣ. ಎದುರಾಳಿಯನ್ನೋ ಕನ್ನಡಿಯಲ್ಲಿ ತನ್ನನ್ನೋ ಕಂಡೊಡನೆ ಲೋಹದಂತೆ ಹೊಳಪು. ಕಣ್ಮರೆಯಾದೊಡನೆ ಮತ್ತೆ ಶಾಂತ. ನನ್ನ ಮೊಮ್ಮಗ ಕನ್ನಡಿಯಲ್ಲಿ ಕಂಡದ್ದನ್ನೇ ಕ್ಯಾಂಟರ್ ಅಷ್ಟು ಹಿಂದೆ ಬರೆದಿಟ್ಟಿದ್ದ. ಮೀನಿನ ಕಾಳಗ ನಡೆಸುವ ಪರವಾನಗಿಯನ್ನು ಗುತ್ತಿಗೆಗೆ ಕೊಟ್ಟು ಅಲ್ಲಿಯ ರಾಜ ವರ್ಷವರ್ಷವೂ ಒಳ್ಳೆಯ ಆದಾಯ ಪಡೆಯುತ್ತಿದ್ದನೆಂದೂ ಅವನು ದಾಖಲಿಸಿದ್ದಾನೆ.

ಕ್ಯಾಂಟರ್ ಈ ಮೀನಿಗೆ ಇಟ್ಟ ಹೆಸರು 'ಮ್ಯಾಕ್ರೋಪೋಡಸ್ ಪಗ್ನಾಕ್ಸ್'. ಲ್ಯಾಟಿನ್ನಿನಲ್ಲಿ 'ಪಗ್ನಾಕ್ಸ್' ಎಂದರೆ ಜಗಳಗಂಟ. ಇಲ್ಲಿ ಒಂದು ಎಡವಟ್ಟಾಯಿತು. ಅವನು ಸಯಾಮಿನ ಮೀನನ್ನೂ ಪಿನಾಂಗ್ ದ್ವೀಪದ ಬೆಟ್ಟದಡಿಯ ತೊರೆಗಳ ಮೀನನ್ನೂ ಒಂದೇ ಎಂದು ತಿಳಿದಿದ್ದ. ಆರು ದಶಕಗಳ ಅನಂತರ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ಮತ್ಸ್ಯವಿಜ್ಞಾನಿ ಚಾರ್ಲ್ಸ್ ಟೇಟ್ ರೀಗನ್ ಅವೆರಡೂ ಬೇರೆ ಬೇರೆ ಪ್ರಭೇದಗಳೆಂದು ಕಂಡುಕೊಂಡ. ಹೆಸರಿಡುವ ನಿಯಮದಂತೆ ಹಳೆಯ ಹೆಸರು ಪಿನಾಂಗಿನ ಮೀನಿಗೇ ಉಳಿಯಿತು. ಸಯಾಮಿನ ಮೀನಿಗೆ ರೀಗನ್ 1910ರಲ್ಲಿ 'ಬೆಟ್ಟಾ ಸ್ಪ್ಲೆಂಡೆನ್ಸ್' ಎಂದು ಹೊಸದಾಗಿ ನಾಮಕರಣ ಮಾಡಿದ. 'ಸ್ಪ್ಲೆಂಡೆನ್ಸ್' ಎಂದರೆ ಥಳಥಳಿಸುವುದು. ('ಬೆಟ್ಟಾ' ಎಂಬುದಕ್ಕೂ ನಮ್ಮ ಬೆಟ್ಟಕ್ಕೂ ಸಂಬಂಧವಿಲ್ಲ. ಅದು ಡಚ್ ವೈದ್ಯ ಬ್ಲೀಕರ್ 1850ರಲ್ಲಿ ಬಳಕೆಗೆ ತಂದ ಕುಲನಾಮ.)

ಇದರಲ್ಲಿನ ವಿನೋದವನ್ನು ನೋಡಿ. 'ಜಗಳಗಂಟ' ಎಂಬ ಹೆಸರು ಖಾಯಂ ಆಗಿ ಅಂಟಿಕೊಂಡ ಪಿನಾಂಗಿನ ಮೀನು ಸ್ವಭಾವದಲ್ಲಿ ಸಾಕಷ್ಟು ಸೌಮ್ಯ. ಅದರ ಗಂಡು ಮೊಟ್ಟೆಗಳನ್ನು ತನ್ನ ಬಾಯಿಯೊಳಗೇ ಇಟ್ಟುಕೊಂಡು ಮರಿ ಮಾಡುತ್ತದೆ. ಹೆಸರು ನೋಡಿ ಸ್ವಭಾವವನ್ನು ನಿರ್ಣಯಿಸಬಾರದೆಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೇ?

ಸಯಾಮಿನ ಕಾಳಗಗಳ ಬಗ್ಗೆ ನಂಬಲರ್ಹವಾಗಿ ಬರೆದವರಲ್ಲಿ ಮುಖ್ಯನಾದವನು ಹ್ಯೂ ಮೆಕಾರ್ಮಿಕ್ ಸ್ಮಿತ್. ಈ ಅಮೆರಿಕದ ವಿಜ್ಞಾನಿ 1923ರಿಂದ 1935ರವರೆಗೆ ಸಯಾಮಿನಲ್ಲಿದ್ದು, ಅಲ್ಲಿಯ ಸರ್ಕಾರದ ಮೀನುಗಾರಿಕೆ ಸಲಹೆಗಾರನಾಗಿ ಕೆಲಸ ಮಾಡಿದ. ಅವನ ಕಾಲದ ಬರಹಗಳಿಂದ ತಿಳಿಯುವ ಮುಖ್ಯ ಸಂಗತಿ ಇದು: ಗದ್ದೆಯಿಂದ ಹಿಡಿದು ತಂದ ಕಾಡುಮೀನುಗಳು ಸೆಣಸುತ್ತಿದ್ದುದು ಕೆಲವೇ ನಿಮಿಷ, ಸಾಕಿದ ತಳಿಯ ಮೀನುಗಳಾದರೋ ಗಂಟೆಗಟ್ಟಲೆ. ಕಾಳಗದ ಗೆಲುವೆಂದರೆ ಎದುರಾಳಿಯ ಸಾವಲ್ಲ. ಒಂದು ಮೀನು ಬೆನ್ನು ತೋರಿಸಿದರೆ ಆಟ ಮುಗಿಯಿತು. ಹೆಚ್ಚು ಹೊತ್ತು ಬೆನ್ನು ತೋರಿಸದ ಮೀನಿಗೆ ಬೆಲೆ ಹೆಚ್ಚು. ಅಂಥ ಮೀನಿನ ಮರಿಗಳನ್ನೇ ಬೆಳೆಸಿದರು. ಬೇಗ ಸೋತವುಗಳ ವಂಶವನ್ನು ಬಿಟ್ಟರು. ನಮ್ಮ ತುಳುನಾಡಿನಲ್ಲಿ ಕೋಳಿ ಅಂಕಕ್ಕೆ ಹುಂಜಗಳನ್ನು ಆರಿಸಿ ಬೆಳೆಸುವುದನ್ನು ಬಲ್ಲವರಿಗೆ ಇದು ಹೊಸದೇನಲ್ಲ.

ಇದನ್ನೋದಿದ ದಿನ ನನಗೆ ನನ್ನ ಹಲಗೆಯ ಮೇಲಿನ ದಪ್ಪ ಅಕ್ಷರಗಳು ನೆನಪಾದವು. ನಾನು ಮಕ್ಕಳಿಗೆ ತೋರಿಸಿದ್ದು ನಿಸರ್ಗದ ಆಯ್ಕೆಯನ್ನಲ್ಲ, ಮನುಷ್ಯನ ಆಯ್ಕೆಯನ್ನು. ಗದ್ದೆಯಲ್ಲಿ ಎರಡು ಗಂಡುಗಳು ಎದುರಾದರೆ ಮೊದಲು ರೆಕ್ಕೆ ಬಿಚ್ಚಿ, ಕಿವಿರು ಅಗಲಿಸಿ, ಬಣ್ಣ ತೋರಿಸಿ ಹೆದರಿಸುತ್ತವೆ. ಒಂದೆರಡು ಕಚ್ಚಾಟವಾಗಬಹುದು. ಸೋತದ್ದು ಜೊಂಡಿನ ಹಿಂದೆ ಸರಿದು ಬೇರೆ ಜಾಗ ಹುಡುಕಿಕೊಳ್ಳುತ್ತದೆ. ನಿಸರ್ಗದಲ್ಲಿ ಈ ಜಗಳಕ್ಕೆ ಒಂದು ಕೊನೆ ಇದೆ. ನನ್ನ ಜಾಡಿಯಲ್ಲಿ ಅದಿರಲಿಲ್ಲ. ಆ ಹಸಿರು ಮೀನು ಗಾಜಿಗೆ ಮೂತಿ ಒತ್ತಿ ಓಡಾಡಿದ್ದು ಸೋಲನ್ನು ಒಪ್ಪಿಕೊಂಡ ಸೂಚನೆ. ಒಪ್ಪಿಕೊಂಡ ಮೇಲೆ ಹೋಗಲು ಜಾಗವನ್ನು ನಾನು ಕೊಟ್ಟಿರಲಿಲ್ಲ.

ಇರಲಿ, ಚರಿತ್ರೆಯನ್ನು ಮುಂದುವರಿಸೋಣ. ಯೂರೋಪಿನಲ್ಲಿ ಈ ವರ್ಗದ ಮೀನುಗಳನ್ನು ಮನೆಯ ತೊಟ್ಟಿಯಲ್ಲಿ ಮರಿ ಮಾಡಿಸುವ ಹವ್ಯಾಸಕ್ಕೆ ನಾಂದಿ ಹಾಡಿದವನು ಪ್ಯಾರಿಸಿನ ಪಿಯರ್ ಕಾರ್ಬೋನಿಯೆ. 1869ರಲ್ಲಿ ಚೀನಾದಿಂದ ಬಂದ ಪ್ಯಾರಡೈಸ್ ಮೀನುಗಳನ್ನು ಅವನು ಯಶಸ್ವಿಯಾಗಿ ಮರಿ ಮಾಡಿಸಿದ. ಅವನ ಅವಲೋಕನಗಳನ್ನು ಡಾರ್ವಿನ್ ತನ್ನ 'ಡಿಸೆಂಟ್ ಆಫ್ ಮ್ಯಾನ್' ಗ್ರಂಥದಲ್ಲಿ ಉಲ್ಲೇಖಿಸಿದ್ದಾನೆ. ಸಯಾಮಿನ ಕಾಳಗದ ಮೀನು ಫ್ರಾನ್ಸ್ ಮತ್ತು ಜರ್ಮನಿಗಳನ್ನು ತಲುಪಿದ್ದು 1890ರ ದಶಕದಲ್ಲಿ. ಅಲ್ಲಿಂದಾಚೆಗೆ ಅದರ ಬಾಳಿನ ಎರಡನೆಯ ಅಧ್ಯಾಯ ಆರಂಭವಾಯಿತು. ಪಂದ್ಯ ಹಿಂದೆ ಸರಿದು ಅಲಂಕಾರ ಮುಂದೆ ಬಂತು. ಕಾಡಿನ ಮೂಲ ಮೀನಿನ ಮೈ ಕಂದು, ಅದರ ಮೇಲೆ ಹಸಿರು ಹೊಳಪಿನ ಹುರುಪೆಗಳು, ರೆಕ್ಕೆ ಗಿಡ್ಡ. ಸಯಾಮಿನಲ್ಲಿಯೇ ಉದ್ದ ರೆಕ್ಕೆಯ ತಳಿಯನ್ನು ಬೆಳೆಸಿದ್ದರು. ಅದನ್ನು 'ಪ್ಲಾ ಕಟ್ ಚೀನ್', ಅಂದರೆ ಚೀನೀ ಕಚ್ಚುಮೀನು, ಎಂದು ಕರೆದರು. ಚೀನೀ ನಾಟಕದವರ ಜೋಲಾಡುವ ಉಡುಪಿನ ಹೋಲಿಕೆಯಿಂದ ಆ ಹೆಸರು ಬಂತೆನ್ನುತ್ತಾರೆ. ಅಮೆರಿಕದಲ್ಲಿ 1966ರಲ್ಲಿ ಇಂಟರ್‌ನ್ಯಾಷನಲ್ ಬೆಟ್ಟಾ ಕಾಂಗ್ರೆಸ್ ಎಂಬ ಹವ್ಯಾಸಿಗಳ ಸಂಘವೇ ಹುಟ್ಟಿತು. 1980ರ ದಶಕದ ಕೊನೆಗೆ ಬಾಲ ಅರ್ಧಚಂದ್ರದಂತೆ 180 ಡಿಗ್ರಿ ಬಿಚ್ಚಿಕೊಳ್ಳುವ ತಳಿ, 1990ರ ದಶಕದ ಕೊನೆಗೆ ಇಂಡೋನೇಷ್ಯಾದಿಂದ ಕಿರೀಟದ ಮುಳ್ಳುಗಳಂಥ ಬಾಲದ ತಳಿ, ಹೀಗೆ ಒಂದಾದ ಮೇಲೊಂದು ಬಂದವು.

ವಿಜ್ಞಾನದ ಅಧ್ಯಾಪಕರಿಗೆ ಇಷ್ಟವಾಗುವ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. 1930ರ ದಶಕದಿಂದ ಅಮೆರಿಕದ ಗುಡ್‌ರಿಚ್ ಮೊದಲಾದ ವಿಜ್ಞಾನಿಗಳು ಈ ಮೀನಿನ ಬಣ್ಣಗಳ ಅನುವಂಶೀಯತೆಯನ್ನು ಅಭ್ಯಾಸ ಮಾಡಿದರು. ಗಾಢ ನೀಲಿ ಗಂಡಿಗೆ ಗಾಢ ನೀಲಿ ಹೆಣ್ಣನ್ನು ಕೂಡಿಸಿದರೆ ಮರಿಗಳೆಲ್ಲ ನೀಲಿಯಾಗುವುದಿಲ್ಲ. ಅರ್ಧದಷ್ಟು ನೀಲಿ, ಕಾಲು ಭಾಗ ಹಸಿರು, ಇನ್ನುಳಿದ ಕಾಲು ಭಾಗ ಉಕ್ಕಿನ ಬೂದುನೀಲಿ. ನಾವು ಸಂಜೆಮಲ್ಲಿಗೆಯ ಕೆಂಪು, ಗುಲಾಬಿ, ಬಿಳಿ ಹೂಗಳನ್ನಿಟ್ಟುಕೊಂಡು ಕಲಿಸುತ್ತಿದ್ದ ಅಪೂರ್ಣ ಪ್ರಬಲತೆಯ ಪಾಠವೇ ಇದು. 1:2:1 ಎಂಬ ಅನುಪಾತ ಮನೆಯ ಮೀನಿನ ತೊಟ್ಟಿಯಲ್ಲಿ ಕಣ್ಣಿಗೆ ಕಾಣುತ್ತದೆ. ಜೋಡಿ ನೀಲಿ ಎಂದು ಕೊಂಡವರು ಹಸಿರು ಮರಿ ಕಂಡು ಅಂಗಡಿಯವನನ್ನು ಬೈಯುವುದಕ್ಕೆ ಮೊದಲು ಮೆಂಡಲನನ್ನು ನೆನೆಯಬೇಕು!

ಆದರೆ ಅಲಂಕಾರಕ್ಕೂ ಬೆಲೆ ತೆರಬೇಕಾಯಿತು. ಮೈಗಿಂತ ದೊಡ್ಡದಾದ ಬಾಲವನ್ನು ಹೊತ್ತ ಮೀನು ಬೇಗ ದಣಿಯುತ್ತದೆ. ಕೆಲವು ತಮ್ಮ ಬಾಲವನ್ನು ತಾವೇ ಕಚ್ಚಿಕೊಳ್ಳುತ್ತವೆ. ದಪ್ಪ ಲೋಹದ ಹೊಳಪಿನ ತಳಿಗಳಲ್ಲಿ ಕೆಲವಕ್ಕೆ ಆ ಹೊಳಪು ಕಣ್ಣಿನ ಮೇಲೂ ಬೆಳೆದು ದೃಷ್ಟಿ ಹೋಗುವುದುಂಟು. ಮೊದಲು ಕಾಳಗಕ್ಕಾಗಿ, ಆಮೇಲೆ ಅಂದಕ್ಕಾಗಿ. ಎರಡು ಸಲವೂ ಆರಿಸಿದವರು ನಾವೇ.

1990ರ ದಶಕದ ಮಧ್ಯದಲ್ಲಿ ನನಗೆ ಬೇರೆ ಊರಿಗೆ ವರ್ಗವಾದ ಮೇಲೆ, ಮೀನನ್ನು ಕಾದಾಡಿಸಿ ನೋಡಿದವನು ಮರಿ ಮಾಡಿಸಿಯೂ ನೋಡಬೇಕೆಂದು ಮನಸ್ಸಾಯಿತು. ಚೆನ್ನೈಗೆ ಹೋಗಿದ್ದ ಬಂಧುವೊಬ್ಬರು ಕೊಳತ್ತೂರಿನಿಂದ ಒಂದು ಜೋಡಿಯನ್ನು ತಂದುಕೊಟ್ಟರು. ಕೊಳತ್ತೂರು ಅಲಂಕಾರಿಕ ಮೀನುಗಳಿಗೆ ಹೆಸರಾದ ಜಾಗ. ಅಲ್ಲಿಯ ಎಷ್ಟೋ ಕುಟುಂಬಗಳು ಮೀನು ಮರಿ ಮಾಡಿಸಿಯೇ ಜೀವನ ಸಾಗಿಸುತ್ತವೆ.

ಒಂದೂವರೆ ಅಡಿ ಉದ್ದದ ತೊಟ್ಟಿಯಲ್ಲಿ ಗೇಣಿಗಿಂತ ಕಡಿಮೆ ನೀರು ಹಾಕಿ, ಕಾಡು ಬಾದಾಮಿಯ ಒಂದು ಒಣಗಿದ ಎಲೆಯನ್ನು ತೇಲಿಬಿಟ್ಟೆ. ಥಾಯ್ಲೆಂಡಿನವರೂ ಬಳಸುವುದು ಈ ಎಲೆಯನ್ನೇ. ಅದು ನೀರಿಗೆ ಚಹದಂಥ ಬಣ್ಣ ಕೊಡುತ್ತದೆ. ಹೆಣ್ಣನ್ನು ನೇರವಾಗಿ ಬಿಡುವಂತಿಲ್ಲ. ಒಂದು ಗಾಜಿನ ಲೋಟದಲ್ಲಿಟ್ಟು ಗಂಡಿಗೆ ತೋರಿಸಬೇಕು. ಗಂಡು ಬಾಯಿಂದ ಗುಳ್ಳೆ ಬಿಡುತ್ತ ಎಲೆಯ ಕೆಳಗೆ ನೊರೆಯ ಗೂಡು ಕಟ್ಟತೊಡಗಿತು. ಹೆಣ್ಣಿನ ಮೈಮೇಲೆ ಉದ್ದುದ್ದ ಪಟ್ಟೆಗಳು ಮೂಡಿದಾಗ ಅದು ಸಿದ್ಧವಾಗಿದೆಯೆಂದು ತಿಳಿದು ಬಿಡಬೇಕು. ಗೂಡಿನ ಕೆಳಗೆ ಗಂಡು ಹೆಣ್ಣನ್ನು ಮೈಯಿಂದ ಸುತ್ತುತ್ತದೆ. ಪ್ರತಿ ಸುತ್ತಿಗೂ ಸಾಸಿವೆಗಿಂತ ಸಣ್ಣ ಬಿಳಿಯ ಮೊಟ್ಟೆಗಳು ಉದುರುತ್ತವೆ. ಗಂಡು ಕೆಳಕ್ಕೆ ಧಾವಿಸಿ ಒಂದೊಂದನ್ನೂ ಬಾಯಲ್ಲಿ ಹಿಡಿದು ತಂದು ಗೂಡಿನಲ್ಲಿ ಅಂಟಿಸುತ್ತದೆ. ಆ ಮಧ್ಯಾಹ್ನ ನಾನೂ ನನ್ನಾಕೆಯೂ ಊಟ ಮರೆತು ಅದನ್ನು ನೋಡುತ್ತ ಕುಳಿತಿದ್ದೆವು.

ಮೊಟ್ಟೆಯಿಟ್ಟ ಮೇಲೆ ಹೆಣ್ಣನ್ನು ತೆಗೆದುಬಿಡಬೇಕು. ಇಲ್ಲದಿದ್ದರೆ ಗಂಡು ಅದನ್ನೂ ಓಡಿಸಿ ಗಾಯಗೊಳಿಸುತ್ತದೆ. ಒಂದೆರಡು ದಿನದಲ್ಲಿ ಮರಿಗಳು ಒಡೆದು, ಬಾಲ ಕೆಳಗಾಗಿ ಗೂಡಿನಿಂದ ಜೋತುಬಿದ್ದವು. ಬಿದ್ದ ಮರಿಯನ್ನು ತಂದೆ ಬಾಯಲ್ಲಿ ಎತ್ತಿ ಮತ್ತೆ ಗೂಡಿಗೆ ಸೇರಿಸುತ್ತಿತ್ತು. ಒಡೆದ ಗುಳ್ಳೆಯ ಜಾಗಕ್ಕೆ ಹೊಸ ಗುಳ್ಳೆ ಇಡುತ್ತಿತ್ತು. ಹಗಲಿರುಳು ಕಾವಲು. ಮರಿಗಳು ಅಡ್ಡವಾಗಿ ಈಜತೊಡಗಿದ ದಿನ ತಂದೆಯನ್ನೂ ಬೇರೆ ಮಾಡಿದೆ. ಮೊದಲ ದಿನಗಳಲ್ಲಿ ಅವುಗಳ ಬಾಯಿಗೆ ಹಿಡಿಸುವುದು ಸೂಕ್ಷ್ಮಜೀವಿಗಳು ಮಾತ್ರ. ಪ್ಯಾರಮೀಸಿಯಂ ತೋರಿಸಲು ಶಾಲೆಯಲ್ಲಿ ಒಣಹುಲ್ಲು ನೆನೆಹಾಕಿ ಇಡುತ್ತಿದ್ದೆನಲ್ಲ, ಅದೇ ನೀರು ಇಲ್ಲಿಯೂ ಕೆಲಸಕ್ಕೆ ಬಂತು. ಆಮೇಲೆ ಸೊಳ್ಳೆಮರಿ. ನೂರಕ್ಕೂ ಹೆಚ್ಚು ಮರಿಗಳಲ್ಲಿ ಕೊನೆಗೆ ಉಳಿದವು ಮೂವತ್ತರಷ್ಟು. ತಂಡಿ ಗಾಳಿ ತಾಗದಂತೆ ತೊಟ್ಟಿಯನ್ನು ಮುಚ್ಚಿಡಬೇಕೆಂಬುದು ನನಗೆ ತಿಳಿದಿರಲಿಲ್ಲ. ಮರಿಗಳ ಲ್ಯಾಬಿರಿಂತ್ ಅಂಗ ಬೆಳೆಯುವ ವಾರಗಳಲ್ಲಿಯೇ ಬಹಳಷ್ಟು ಸತ್ತವು.

ಎರಡೂವರೆ ತಿಂಗಳಿಗೆ ಗಂಡುಮರಿಗಳು ಒಂದನ್ನೊಂದು ಕೆಣಕತೊಡಗಿದವು. ಆಗ ಒಂದೊಂದಕ್ಕೂ ಒಂದೊಂದು ಬಾಟಲಿ ಹುಡುಕುವ ಪಾಡು! ಅಡುಗೆಮನೆಯ ಉಪ್ಪಿನಕಾಯಿ ಭರಣಿಯವರೆಗೂ ಕೈ ಹೋದಾಗ ನನ್ನಾಕೆ ಕೈಮುಗಿದಳು. ಅವನ್ನು ಗೆಳೆಯರಿಗೂ ವಿದ್ಯಾರ್ಥಿಗಳಿಗೂ ಹಂಚಿದೆ. ಪ್ರತಿಯೊಬ್ಬರಿಂದಲೂ ಒಂದೇ ಮಾತು ತೆಗೆದುಕೊಂಡೆ: ಇನ್ನೊಂದು ಗಂಡಿನ ಜೊತೆ ಬಿಡಕೂಡದು.

ಥಾಯ್ಲೆಂಡಿನ ಸರ್ಕಾರ 2019ರ ಫೆಬ್ರವರಿ 5ರಂದು ಈ ಮೀನನ್ನು ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ನಮ್ಮ ದೇಶದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಮನರಂಜನೆಗಾಗಿ ಪ್ರಾಣಿಗಳನ್ನು ಪರಸ್ಪರ ಕಾದಾಡಿಸುವುದನ್ನು ಅಪರಾಧವೆಂದು ಹೇಳುತ್ತದೆ. ಆ ಕಾಯಿದೆಯ ಪ್ರಕಾರ ಮನುಷ್ಯನನ್ನು ಬಿಟ್ಟು ಜೀವವಿರುವ ಎಲ್ಲವೂ ಪ್ರಾಣಿಯೇ, ಮೀನೂ ಸೇರಿದಂತೆ. 1987ರಲ್ಲಿಯೂ ಆ ಕಾಯಿದೆ ಇತ್ತು. ಪಾಠಕ್ಕಾಗಿ ಮಾಡಿದೆ ಎಂದು ನಾನು ಸಮಜಾಯಿಷಿ ಹೇಳಬಹುದು. ಆದರೆ ಆ ದಿನ ಕೊಠಡಿಯಲ್ಲಿ ಪಾಠ ಎಷ್ಟಿತ್ತು, ಮನರಂಜನೆ ಎಷ್ಟಿತ್ತು ಎಂಬುದು ನನಗೆ ಗೊತ್ತು.

ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನೆಲ್ಲ ಹೇಳಿದೆ. ಎಂಟು ವರ್ಷದ ಹುಡುಗನಿಗೆ ಎಷ್ಟು ಅರ್ಥವಾಯಿತೋ ಕಾಣೆ. ನೊರೆಗೂಡಿನ ಮಾತು ಮಾತ್ರ ಬಹಳ ಹಿಡಿಸಿತು. ಮರುದಿನವೇ ಬಟ್ಟಲನ್ನು ಬದಲಿಸಿ ಹದಿನೈದು ಲೀಟರಿನ ತೊಟ್ಟಿ ತಂದೆವು. ಬೀದಿಯ ಕೊನೆಯ ಕಾಡು ಬಾದಾಮಿ ಮರದಿಂದ ಒಂದು ಎಲೆಯನ್ನೂ ಆರಿಸಿ ತಂದೆವು. ಕನ್ನಡಿ ಗೋಡೆಗೆ ಹೋಯಿತು. ನಿನ್ನೆ ಬೆಳಿಗ್ಗೆ ಎಲೆಯ ಅಂಚಿನಲ್ಲಿ ನಾಲ್ಕಾರು ಗುಳ್ಳೆಗಳು ಕಂಡವು. ಹೆಣ್ಣಿಲ್ಲದಿದ್ದರೂ ಗಂಡು ಹೀಗೆ ಗೂಡು ಕಟ್ಟುವುದುಂಟು.

ಕೊನೆಯದಾಗಿ ಒಂದು ಮಾತು. ಆ 1987ರ ಹತ್ತನೆಯ ತರಗತಿಯ ಮಕ್ಕಳು ಈಗ ಐವತ್ತು ದಾಟಿದವರು. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ಅವರಲ್ಲಿ ನನ್ನ ವಿನಂತಿ ಇಷ್ಟೇ. ಆ ದಿನ ನಾನು ಹಲಗೆಯ ಮೇಲೆ ಬರೆದ ತಲೆಬರಹವನ್ನು ದಯವಿಟ್ಟು ಅಳಿಸಿಕೊಳ್ಳಿ. ಅದರ ಜಾಗದಲ್ಲಿ "ಕೃತಕ ಆಯ್ಕೆ" ಎಂದು ಬರೆದುಕೊಳ್ಳಿ. ನಾನು ಕೊಟ್ಟ ಅಂಕಗಳು ಹಾಗೆಯೇ ಇರಲಿ, ತಪ್ಪು ನಿಮ್ಮದಲ್ಲ.